ಎಣಿಕೆಗೆ ಸಿಗದ ಸುತ್ತುಗಳು

ಹಾಸನದ ಆ ಪುಟ್ಟ ಕಂಪನಿಯಲ್ಲಿ ಗೌತಮಿ ಎಂಬುವವಳೊಬ್ಬಳು ಇದ್ದಾಳೆಂಬುದು ಎಷ್ಟೋ ದಿನ ಅಲ್ಲಿದ್ದವರಿಗೇ ನೆನಪಿರುತ್ತಿರಲಿಲ್ಲ. ಹೊಳೆನರಸೀಪುರದಿಂದ ಬೆಳಗ್ಗೆ ಬಸ್ಸಿಗೆ ಬಂದು ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ ಕೂತರೆ ಸಂಜೆಯ ತನಕ ಮಾತಿಲ್ಲ, ಕತೆಯಿಲ್ಲ. ಆದರೆ ನೀರಿನ ಮೀಟರಿನ ಒಳಗಿನ ಕೆಲಸ ಪೂರಾ ಅವಳದೇ. ನೀರು ಹರಿದಾಗ ಮೀಟರಿನೊಳಗೆ ಒಂದು ಬಿಲ್ಲೆ ತಿರುಗುತ್ತದೆ. ಅದರ ಅರ್ಧಕ್ಕೆ ಮಾತ್ರ ಲೋಹದ ತಗಡು. ಮೇಲೆ ಎರಡು ಸೆನ್ಸರ್. ತಗಡು ಯಾವುದರ ಕೆಳಗಿದೆ ಎಂದು ಮೀಟರಿನ ಕಂಪ್ಯೂಟರ್ ಚಿಪ್ಪು ಆಗಾಗ ಕಣ್ಣು ಬಿಟ್ಟು ನೋಡಿ, ಸುತ್ತು ಎಣಿಸಿ, ಮತ್ತೆ ನಿದ್ದೆಗೆ ಜಾರುತ್ತದೆ. ನಿದ್ದೆ ಹೆಚ್ಚಿದಷ್ಟೂ ಬ್ಯಾಟರಿಗೆ ಆಯಸ್ಸು.

ಸೆಕೆಂಡಿಗೆ ಮೂವತ್ತೆರಡು ಸಲ ನೋಡುತ್ತಿದ್ದುದನ್ನು ಗೌತಮಿ ಎಂಟಕ್ಕೆ ಇಳಿಸಿದಳು. ಕಚೇರಿಯಲ್ಲೇ ನೀರು ಹಾಯಿಸಿ, ಡ್ರಮ್ಮಿಗೆ ತುಂಬಿ ಅಳೆದಾಗ ಲೆಕ್ಕ ತಪ್ಪಲಿಲ್ಲ. "ಬ್ಯಾಟರಿ ಹತ್ತು ವರ್ಷ ಬರುತ್ತಲ್ರೀ!" ಎಂದು ಮಾಲೀಕ ಪೃಥ್ವಿರಾಜ್ ಎಲ್ಲರೆದುರು ಹೊಗಳಿದಾಗ ಅವಳ ಕಿವಿ ಬಿಸಿಯಾಗಿತ್ತು.

ಅರಕಲಗೂಡಿನಾಚೆಯ ಒಂದು ಹಳ್ಳಿಯಲ್ಲಿ ಮೂರು ಕೇರಿಗಳಿಗೆ ಮೂರು ಮೀಟರ್ ಕೂತವು. ಎರಡೇ ತಿಂಗಳಿಗೆ ಪಂಚಾಯಿತಿಯಿಂದ ಕರೆ ಬಂತು. ಟ್ಯಾಂಕಿನಿಂದ ದಿನಾ ಇಳಿಯುವ ನೀರಿಗೂ ಮೂರು ಮೀಟರು ಕೂಡಿದ ಲೆಕ್ಕಕ್ಕೂ ತಾಳೆಯಿಲ್ಲ, ಕಾಲುಭಾಗ ಮಾಯ.

ಸಭೆಯ ನಡುವೆ, ಊರಿಗೆ ನೀರು ಬಿಡುವ ನೀರುಗಂಟಿ ಗುಂಡಯ್ಯ ನಿಂತಿದ್ದ. ಪೃಥ್ವಿರಾಜ್ ಜೊತೆ ಗೌತಮಿಯೂ ಬಂದು ಒಂದು ಪಕ್ಕ ಕೂತಿದ್ದಳು.

"ಉಳಿದ್ ನೀರು ಎಲ್ಲೋಯ್ತಯ್ಯ? ಆವಿ ಆಗೋಯ್ತಾ?" ಅಧ್ಯಕ್ಷ ಪುಟ್ಟಸ್ವಾಮಿ ಕೇಳಿದರು.

"ಲೇಔಟ್ ಮಾಡೋರ ಟ್ಯಾಂಕರ್‌ಗೆ ಓಗಿರ್ತದೆ, ಬುಡಿ ಸಾ," ಹಿಂದಿನಿಂದ ಯಾರೋ ನಕ್ಕರು.

"ನಾನ್ಯಾಕ್ ಮಾರ್ಲಿ ಸಾ? ಮೇಲ್ಕೇರಿ ದಿಣ್ಣೆ ಮ್ಯಾಲದೆ. ವಾಲ್ ಅರ್ಧಂಬರ್ಧ ತಿರುವಿದ್ರೆ ಇಂದ್ಲ ಮನೆಗೆ ತೊಟ್ಟೂ ಏರಾಕಿಲ್ಲ. ಅದ್ಕೇ ಮಿಕ್ಕಿದ್ದೆಲ್ಲ ಮುಚ್ಬುಟ್ಟು ಅದೊಂದ್ನೇ ಪೂರಾ ಬಿಚ್ತೀನಿ. ಅರ್ಧ ಗಂಟೇಲಿ ನುಗ್ಗತದೆ. ಇಪ್ಪತ್ತೆರಡು ವರ್ಸದಿಂದ ಇಂಗೇಯ!"

ಮೇಲ್ಕೇರಿಯ ಬೆಟ್ಟಮ್ಮ ಸೆರಗು ಬಿಗಿದು ಎದ್ದಳು. "ಅದ್ಕೇಯಾ ಅರ್ಧ ಗಂಟೆಗೇ ನಿಲ್ಲುಸ್ತಿದ್ದದ್ದು? ನಮ್ ಪಾಲ್ನೇ ಮಾರ್ಕತಿದ್ಯಾ?"

ಗೌತಮಿ ಲೆಕ್ಕದ ಹಾಳೆಗಳಿಂದ ತಲೆಯೆತ್ತಿದಳು. ಪೂರಾ ಬಿಚ್ಚುತ್ತಾನೆ! ಹಾಗಾದರೆ ಬಿಲ್ಲೆ ಕಚೇರಿಯಲ್ಲಿ ತಿರುಗಿದಂತೆ ತಿರುಗುವುದಿಲ್ಲ, ಹುಚ್ಚೆದ್ದು ತಿರುಗುತ್ತದೆ. ಚಿಪ್ಪು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಒಂದಿಡೀ ಸುತ್ತು ಹಾಕಿ ಮೊದಲಿದ್ದಲ್ಲಿಗೇ ಬಂದರೆ, ಚಿಪ್ಪಿನ ಪಾಲಿಗೆ ಬಿಲ್ಲೆ ಅಲುಗಾಡಿಯೇ ಇಲ್ಲ. ಮೀಟರ್ ಕೂರಿಸಿದ ದಿನ ಗುಂಡಿ ತೋಡಿಕೊಟ್ಟವನು ಇದೇ ಗುಂಡಯ್ಯ. ವಾಲ್ ಹೇಗೆ ತಿರುಗಿಸುತ್ತೀರಿ ಎಂದು ಒಂದು ಮಾತು ಕೇಳಲು ಅವಳಿಗೆ ಸಂಕೋಚವಾಗಿತ್ತು.

"ಏನಮ್ಮಾ, ಮೀಟರ್ ಸುಳ್ಳೇಳ್ತದಾ?" ಪುಟ್ಟಸ್ವಾಮಿ ಅವಳನ್ನೇ ಕೇಳಿದರು.

"ಛೇ, ಮಿಷನ್ನಿಗೆ ಯಾರ ಮೇಲೆ ದ್ವೇಷ ಸರ್?" ಎಂದರು ಪೃಥ್ವಿರಾಜ್.

ಗುಂಡಯ್ಯ ಅವಳತ್ತ ನೋಡಿದ. ಗೌತಮಿ ಕೈಯಲ್ಲಿದ್ದ ಹಾಳೆಗಳ ಅಂಚು ಸರಿಮಾಡಿದಳು.

ಅವತ್ತೇ ಗುಂಡಯ್ಯನ ಕೆಲಸ ಹೋಯಿತು. ಮರುವಾರ ಗೌತಮಿ ಪ್ರೋಗ್ರಾಮು ತಿದ್ದಿ, ಚಿಪ್ಪು ಸೆಕೆಂಡಿಗೆ ಅರವತ್ತನಾಲ್ಕು ಸಲ ನೋಡುವಂತೆ ಮಾಡಿ, "ಸಣ್ಣ ಅಪ್‌ಡೇಟು" ಎಂದು ಮೂರು ಮೀಟರಿಗೂ ತುಂಬಿ ಬಂದಳು. ಲೆಕ್ಕ ಸರಿಹೋದರೆ ಅವನ ನಿರಪರಾಧಿತ್ವ ತಾನಾಗಿ ತಿಳಿಯುತ್ತದೆ ಎಂದು ನಂಬಿದ್ದಳು. ಆದದ್ದೇ ಬೇರೆ. ಪೃಥ್ವಿರಾಜ್‌ಗೆ ಪುಟ್ಟಸ್ವಾಮಿಯವರ ಫೋನು ಬಂತು: "ಗುಂಡಯ್ಯ ಓದ್ಮೇಲೆ ಒಂದ್ ಬಿಂದಿಗೆನೂ ಎಚ್ಚುಕಮ್ಮಿ ಇಲ್ಲ. ನಿಮ್ ಮೀಟರ್ ಕಳ್ಳನ್ನ ಇಡ್ದ್ಕೊಡ್ತು ಸಾ!" ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ಅವಳ ಪಾಲಿನದು ಮೇಜಿನ ಮೇಲೇ ಒಣಗಿತು.

ಮತ್ತೂ ಒಂದು ತಿಂಗಳು ಹಿಂದೆಮುಂದೆ ನೋಡಿ, ಒಂದು ದಿನ ರಜೆ ಹಾಕಿ ರಾಮನಾಥಪುರಕ್ಕೆ ಹೋದಳು. ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಗುಂಡಯ್ಯ ಮೂಟೆ ಹೊರುತ್ತಿದ್ದ.

"ತಪ್ಪು ನಂದು ಗುಂಡಯ್ಯನವರೇ. ಮೀಟರ್‌ದೇ ತಪ್ಪು. ಸಭೆಯಲ್ಲೇ ನನಗೆ ಗೊತ್ತಾಯ್ತು."

"ಸಭೇಲೇ?"

"ಹೂಂ."

ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. "ನಾ ನೀರ್ ಬುಟ್ಟಿದ್ದು ನಂಗೊತ್ತಿಲ್ವಾ ಮೇಡಮ್ಮೋರೆ? ನಂಗ್ಯಾಕ್ ಏಳೀರಿ?"

"ಪಂಚಾಯಿತಿಗೆ ಬರೆದುಕೊಡ್ತೀನಿ. ಕೆಲಸ ವಾಪಸ್..."

"ಕೆಲ್ಸ ಬ್ಯಾಡಿ. ನನ್ ಜಾಗುಕ್ ಬಂದಿರೋ ಐಕ್ಳು ಒಟ್ಟೆ ಮ್ಯಾಲ್ ನಾ ಒಡೀನಾ? ಮೇಲ್ಕೇರಿಗೋಗಿ ಏಳಿ. ನನ್ ಮಗ್ಳು ದಿವ್ಯಾನ ಅದೇ ಕೇರಿಗೆ ಕೊಟ್ಟಿವ್ನಿ. ನಲ್ಲಿತಾವ ಕಳ್ಳನ್ ಮಗ್ಳು ಅಂತ ಇಂದುಕ್ ತಳ್ತವ್ರಂತೆ."

ಗೌತಮಿ ಮೇಲ್ಕೇರಿ ತಲುಪಿದಾಗ ನೀರು ಬಿಟ್ಟಿದ್ದರು, ನಲ್ಲಿಯ ಮುಂದೆ ಹೆಂಗಸರ ಸಾಲಿತ್ತು. ಬೆಟ್ಟಮ್ಮನ ಪಕ್ಕ ನಿಂತು ಏನೋ ಹೇಳಿದಳು.

"ಗಟ್ಟಿಯಾಗೇಳವ್ವಾ, ಕೇಳಾಕಿಲ್ಲ!"

ಗೌತಮಿ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. "ಗುಂಡಯ್ಯ ನೀರು ಕದ್ದಿರಲಿಲ್ಲ. ಮೀಟರು ತಪ್ಪು ಎಣಿಸ್ತಿತ್ತು. ಅದನ್ನು ಮಾಡಿದವಳು ನಾನು. ಅವತ್ತೇ ಗೊತ್ತಿತ್ತು."

ಬೆಟ್ಟಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೊತ್ತಿದ್ದೂ ಬಾಯಿ ಒಲ್ಕೊಂಡ್ ಕೂತಿದ್ಯಾ?" ಆಮೇಲೆ ತಿರುಗಿ, ತನ್ನ ಧ್ವನಿ ತನಗೇ ಒರಟೆನಿಸಿದಂತೆ ತಗ್ಗಿಸಿ ಕರೆದಳು. "ಬಾರವ್ವಾ ದಿವ್ಯಾ, ಮುಂದುಕ್ ಬಾ. ನೀನ್ ಇಡ್ಕೋ ಮೊದ್ಲು."

ಸಾಲಿನ ಕೊನೆಯಲ್ಲಿದ್ದ ಹೆಂಗಸು ಕದಲಲಿಲ್ಲ. "ಬ್ಯಾಡ ಬೆಟ್ಟಮ್ಮತ್ತೆ. ನನ್ ಸರದಿ ಬಂದಾಗ ಇಡ್ಕತೀನಿ."

ಅವಳು ಗೌತಮಿಯ ಕಡೆ ಒಂದು ಸಲವೂ ನೋಡಲಿಲ್ಲ.