ಕುಸುಬೆ ಎಣ್ಣೆ ಹಚ್ಚಿದ ಕತ್ತಿ

ತೆರೆಯುತ್ತಿಲ್ಲ, ಎಳೆದರೂ ಇಲ್ಲ, ಉಗುರು ಸಿಕ್ಕಿಸಿ ಮೀಟಿದರೂ ಇಲ್ಲ, ಹಿಡಿಕೆಯ ಸಂದಿನಲ್ಲಿ ಪಾಕ ಆರಿ ಗಟ್ಟಿಯಾದ ಹಾಗೆ ಹಳದಿ ಅಂಟು, ಕ್ಷೌರದ ಕತ್ತಿ ತನ್ನ ಹಿಡಿಕೆಯೊಳಗೇ ಹಲ್ಲು ಕಚ್ಚಿಕೊಂಡು ಕೂತಿದೆ, ಇವತ್ತೇ ಕೂರಬೇಕೇ ಅದು, ಒಲೆಯ ಮೇಲೆ ಬೇಳೆ, ಕಲ್ಲಿನ ಮೇಲೆ ಅರ್ಧ ಒಗೆದ ಬಟ್ಟೆ, ಹಿತ್ತಲಿನ ಮಣೆಯ ಮೇಲೆ ಗಲ್ಲದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು ಕೂತ ಗಂಡ, ನೊರೆ ಒಣಗಲಿಕ್ಕತ್ತು ಅಂತ ಆಗಲೇ ಅಂದಾಯಿತು ಅವರದು, ಒಣಗಿದರೆ ಇನ್ನೊಮ್ಮೆ ಹಚ್ಚಿದರಾಯಿತು, ನೊರೆಗೇನು ಬರ ಬಂದಿದೆಯೇ — ಜಾನಕೀಬಾಯಿ ಸೆರಗಿನ ತುದಿಯಿಂದ ಹಿಡಿಕೆ ಒರೆಸಿ ಮತ್ತೆ ಮೀಟಿದಳು, ಉಗುರು ಮುರಿಯಿತು, ಕತ್ತಿ ಬಾಯಿ ಬಿಡಲಿಲ್ಲ. ಏನ್ ಹಚ್ಚಿದ್ದಿ ಅದಕ್ಕ, ಎಂದು ದತ್ತಾತ್ರಿ ಭಟ್ಟರು ನೊರೆಯೊಳಗಿಂದಲೇ ಕೇಳಿದರು, ಎಣ್ಣಿ ಹಚ್ಚೀನಿ, ತುಕ್ಕು ಹಿಡೀಬಾರದು ಅಂತ ನೀವಽ ಹೇಳಿದ್ರಿ, ಯಾವ ಎಣ್ಣಿ, ಎಣ್ಣಿ ಅಂದ್ರ ಎಣ್ಣಿ, ಮನ್ಯಾಗ ಇದ್ದದ್ದು, ಕುಸುಬಿ ಎಣ್ಣಿ — ಅವರು ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ ಕಣ್ಣು ಮುಚ್ಚಿದರು. ಮುಚ್ಚಲಿ. ಅವಳ ತವರು ಮುಂಡರಗಿಯಲ್ಲಿ ಬಾಗಿಲ ಕೀಲಿಗೂ ಅದೇ, ಕೂಸಿನ ನೆತ್ತಿಗೂ ಅದೇ, ಒಗ್ಗರಣೆಗೂ ಅದೇ, ಎಣ್ಣೆಗಳಲ್ಲಿ ಭೇದ ಉಂಟೆಂದು ಯಾರು ಹೇಳಿಕೊಟ್ಟಿದ್ದರು, ಆದರೆ ಹೇಳಿಕೊಡಬೇಕಿತ್ತೇ, ಬಾಣಲೆಯ ಹೊರಮೈಗೆ ಸೋರಿದ ಕುಸುಬೆ ಎಣ್ಣೆ ಅರಗಿನಂತೆ ಕೂತು ಕೆರೆದರೂ ಹೋಗದ್ದನ್ನು ಮದುವೆಯಾದಾಗಿನಿಂದ ತಿಕ್ಕುತ್ತ ಬಂದವಳು ಅವಳೇ ಅಲ್ಲವೇ, ಆ ಬುದ್ಧಿ ಕತ್ತಿಯ ಹತ್ತಿರ ಬರುವಾಗ ಎಲ್ಲಿಗೆ ಹೋಗಿತ್ತು. ಹಂಡೆಯಿಂದ ಬಿಸಿನೀರು ತಂದಳು, ಕೀಲು ಮಾತ್ರ ಅದ್ದಿದಳು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಒಂದು ಹನಿ ಬಿಟ್ಟಳು, ಹಟಮಾರಿ ಮಗುವಿನ ಮುಷ್ಟಿ ಬಿಡಿಸುವ ಹಾಗೆ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದಳು, ತೆರೆಯಿತು, ಅಂತೂ ತೆರೆಯಿತು, ಬೇಳೆ ಅಷ್ಟರಲ್ಲಿ ತಳ ಹಿಡಿದ ವಾಸನೆ.

ಬೇಳೆ ಇಳಿಸಿ ಬಂದು ಗೋಡೆಯ ಗೂಟಕ್ಕೆ ಕಟ್ಟಿದ, ಕತ್ತಿ ಮಸೆಯುವ ತೊಗಲಿನ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು, ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ, ತಿರುಗಿಸುವಾಗ ಬೆನ್ನಿನ ಮೇಲೆ ತಿರುಗಿಸು, ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ, ಮೊದಲ ಸಲ ಈಳಿಗೆಯನ್ನು ಕಲ್ಲಿಗೆ ಮಸೆಯುವ ಹಾಗೆ ಬಾಯಿ ಮುಂದೆ ಮಾಡಿ ಎಳೆದದ್ದಕ್ಕೆ ಪಟ್ಟಿಯ ಅಂಚು ಸೀಳಿ ಇನ್ನೂ ನಾಲಗೆಯಂತೆ ಜೋತುಬಿದ್ದಿದೆ, ಅದನ್ನು ನೋಡಿದಾಗಲೆಲ್ಲ ಅವರು ಉಸಿರು ಬಿಡುತ್ತಾರೆ, ಬಿಡಲಿ, ಉಸಿರನ್ನಾದರೂ ತಾವೇ ಬಿಡುತ್ತಾರಲ್ಲ. ಮನೆಯಲ್ಲಿ ಕತ್ತಿ ಒಂದಲ್ಲ, ಮೂರು, ಮೂರಕ್ಕೂ ಒಂದೊಂದು ಸ್ವಭಾವ — ಮುಂಡರಗಿಯ ಕಮ್ಮಾರ ಮಾಡಿದ ದಪ್ಪನೆಯದು, ಒಳ್ಳೆಯದು ಪಾಪ, ಸಾಣೆಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಕೂದಲು ಕತ್ತರಿಸದೆ ಎಳೆಯುತ್ತದೆ, ಗದಗಿನ ಪೇಟೆಯಿಂದ ತಂದ ಅಗಲ ಬಾಯಿಯದು ಗಲ್ಲಕ್ಕೆ ಸರಿ, ಮೂಗಿನ ಕೆಳಗೆ ಹೊರಳುವುದಿಲ್ಲ, ಇನ್ನು ಇದು, ಮಾವನ ಕಾಲದ್ದು, ತೆಳ್ಳಗೆ, ಉಗುರಿನಿಂದ ತಟ್ಟಿದರೆ ಟಿಣ್ ಎನ್ನುವುದು, ಇದಕ್ಕೆ ಭಾರ ಹಾಕಬಾರದು, ಓರೆ ತಪ್ಪಬಾರದು, ಒದ್ದೆ ಇಡಬಾರದು, ಥೇಟು ಅತ್ತೆಯವರೇ, ಒಂದು ಕೂದಲೆಳೆಯಷ್ಟು ತಪ್ಪು ಸಿಕ್ಕರೆ ಸಾಕು ರಕ್ತ ತೆಗೆಯುವವರೆಗೆ ಸುಮ್ಮನಿರುವುದಿಲ್ಲ. ಶಿರಹಟ್ಟಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುವ ಮಗ ಪ್ರಮೋದ ರಜೆಗೆ ಬಂದಾಗ ಮೊಮ್ಮಗಳು ಸಮೀಕ್ಷಾ ಮೊಬೈಲಿನಲ್ಲಿ ಯಾರೋ ಕ್ಷೌರ ಕಲಿಯಲು ಬಲೂನಿಗೆ ನೊರೆ ಹಚ್ಚಿ ಹೆರೆಯುವುದನ್ನು ತೋರಿಸಿದ್ದಳು, ಅಜ್ಜಿ ನೋಡು, ಒಡದರ ಫೇಲು, ಬಲೂನು ತರಲಿಕ್ಕೆ ಪೇಟೆಗೆ ಯಾರು ಹೋಗಬೇಕು, ಜಾನಕೀಬಾಯಿ ಎಳೆಯ ಸೋರೆಕಾಯಿಗೆ ನೊರೆ ಹಚ್ಚಿ ಅದರ ಮೈಮೇಲಿನ ನವುರು ತುಪ್ಪಳ ತೆಗೆಯುತ್ತ ಕಲಿತಳು, ಗಾಯಗೊಂಡ ಸೋರೆಕಾಯಿಗಳನ್ನೆಲ್ಲ ಪಲ್ಯ ಮಾಡಿದಳು, ದಿನಾ ಸೋರೆಕಾಯಿ ಯಾಕ ಎಂದು ಇವರೇ ಕೇಳಿದರು, ಏನು ಹೇಳಬೇಕು ಇಂಥವರಿಗೆ.

ಯಾರಿಗೂ ಹೇಳುವಂತಿಲ್ಲ, ಅದೇ ದೊಡ್ಡ ಸಂಕಟ. ಭಟ್ಟರ ಬಲಗೈ ನಡುಗಲು ಶುರುವಾದಾಗ ತಾವೇ ಕೆರೆದುಕೊಂಡು ಗಲ್ಲದ ತುಂಬ ಗಾಯ, ಗಾಯದ ಮೇಲೆ ರಕ್ತ ನಿಲ್ಲಲು ಪಟಕದ ಹರಳು, ಹನುಮಪ್ಪನ ಗುಡಿಗೆ ಬಂದವರು ದೇವರನ್ನು ಬಿಟ್ಟು ಪೂಜಾರಿಯ ಮುಖ ನೋಡತೊಡಗಿದರು, ಕನಕರಾಜನ ಕಟಿಂಗ್ ಅಂಗಡಿಗೆ ಹೋಗ್ರಿ ಎಂದರೆ ಆಗದು, ಕುರ್ಚಿಯ ಕೈಮೇಲೆ ಇಟ್ಟ ಕೈ ಕುಣಿಯುವುದನ್ನು ಅವನು ಕಂಡರೆ ಸಂಜೆಯೊಳಗೆ ಲಕ್ಷ್ಮೇಶ್ವರಕ್ಕೆಲ್ಲ ಖಬರ, ಪೇಟೆಯ ಪ್ಲಾಸ್ಟಿಕ್ಕಿನ ರೇಜರು ಎಂದರೆ ಗುಳ್ಳೆ ಏಳುತ್ತಾವ, ಮತ್ತೆ ಉಳಿದದ್ದು ಯಾರು, ಜಾನಕೀಬಾಯಿ. ಮಂಗಳವಾರ ಕ್ಷೌರ ಆಗದು, ಶುಕ್ರವಾರ ಆಗದು, ಶನಿವಾರ ಹನುಮಪ್ಪನ ವಾರ, ಅಮಾವಾಸ್ಯೆ ಬಂದರೆ ಮುಗಿದೇಹೋಯಿತು, ಅಷ್ಟರಲ್ಲಿ ಗಡ್ಡ ಜೋಳದ ಕೂಳೆಯಂತೆ ಎದ್ದು ನಿಂತಿರುತ್ತದೆ, ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡಬೇಕು, ಮಾಡಿದವಳೂ ಮಾಡಬೇಕು, ಮಡಿ ಸೀರೆ ಮತ್ತೆ ಒಗೆಯಬೇಕು, ನಿನ್ನ ಕೈ ನೋಯುತ್ತದೆಯೇ ಎಂದು ಕೇಳುವವರು ಮಾತ್ರ ಈ ಮನೆಯಲ್ಲಿ ಹುಟ್ಟಿಲ್ಲ. ಮಂಗಳಾರತಿಯನ್ನು ಅವರು ಅರ್ಧ ಎಳೆದ ಪರದೆಯ ಹಿಂದೆ ಮಾಡುತ್ತಾರೆ ಈಗ, ಪರದೆ ಯಾಕ್ರಿ ಭಟ್ರ, ದೀಪ ಕಾಣಂಗಿಲ್ಲ, ಎಂದು ಸಂಗಪ್ಪ ಹೋದ ವಾರ ಕೇಳಿದ್ದ, ಗುಡಿಯ ಪಂಚರಲ್ಲಿ ಹಿರಿಯ ಅವನು, ಕೆಟ್ಟವನಲ್ಲ, ಆದರೆ ಕಣ್ಣಿದ್ದವನು, ಇವತ್ತು ಮನೆಗೆ ಬಂದು ಮಾತಾಡುತ್ತೇನೆ ಎಂದಿದ್ದಾನೆ, ಕೈ ಆಗದವರ ಬದಲು ಬೇರೆಯವರನ್ನು ನೋಡುವ ಮಾತು ಅದು, ಎಲ್ಲರಿಗೂ ಗೊತ್ತು. ನೀಟಾಗಿ ಕ್ಷೌರವಾದ ಮುಖ, ಕೈಯ ಮೇಲೆ ಶಾಲು, ಚಹಾ ಬೇಡ, ಏಕಾದಶಿ ಇಲ್ಲದಿದ್ದರೂ ಉಪವಾಸ ಎಂದುಬಿಡುವುದು, ಇದು ಅವರು ಹಾಕಿದ ಹಂಚಿಕೆ, ಚಿಕ್ಕ ಹುಡುಗರ ಹಂಚಿಕೆ.

ಹೊಸದಾಗಿ ನೊರೆ ಹಚ್ಚಿ ಗಲ್ಲದ ಚರ್ಮವನ್ನು ಹೆಬ್ಬೆರಳಿನಿಂದ ಮೇಲೆ ಎಳೆದು ಹಿಡಿದಳು, ಇನ್ನಷ್ಟು ಓರೆ, ಎಂದರು, ಕಾಣ್ತದ, ಕೆಳಗಿಂದ ಮ್ಯಾಲ ಬ್ಯಾಡ, ಗೊತ್ತದ, ಬಾಯಿ ಮುಚ್ಚಿ ಕೂಡ್ರಿ, ಬಾಯಿ ಅಲ್ಲಾಡಿದರೆ ಕತ್ತಿ ಅಲ್ಲಾಡುತ್ತದೆ, ಒಂದು ಗಲ್ಲ ಆಯಿತು, ತೊಡೆಯ ಮೇಲೆ ಅವರ ಬಲಗೈ ಯಾರಿಗೋ ಚಿಲ್ಲರೆ ಎಣಿಸಿ ಕೊಡುವಂತೆ ತಾನೇ ತಾನಾಗಿ ಆಡುತ್ತಿದೆ, ಆ ಕೈ ನೋಡಬಾರದು, ಗಂಟಲು ನೋಡಬೇಕು, ಕೈ ಎಷ್ಟು ಕುಣಿದರೂ ಗಂಟಲು ಮಾತ್ರ ಗುಡಿಯ ಕಂಬ, ಗದ್ದ ಎತ್ತಿ ಕಣ್ಣು ಮುಚ್ಚಿದರೆ ಗಂಟಲಮಣಿ ಅಲ್ಲಾಡದೆ ನಿಲ್ಲುತ್ತದೆ, ಅದರ ಧೈರ್ಯದ ಮೇಲೆಯೇ ಅವಳು ಇಷ್ಟು ದಿನ ಕತ್ತಿ ಹಿಡಿದದ್ದು. ನಾ ಹೇಳ್ತೀನಿ ಕೇಳ್ರಿ, ಸಾಕಿನ್ನ, ಪ್ರಮೋದ ಮಾಡಲಿ ಪೂಜಾ, ಬಸ್ಸಿಗೆ ಬಂದು ಹೋಗಲಿ, ಇಲ್ಲಾ ಮತ್ಯಾರರೆ ಮಾಡ್ಲಿ, ನನಗ ಸಾಕಾಗೇದ — ಎಂದಳು, ಗಂಟಲಿಗೆ ನೊರೆ ಸವರುತ್ತ, ಮೆಲ್ಲಗೆ ಹೇಳಬೇಕೆಂದಿದ್ದದ್ದು ಜೋರಾಗಿಯೇ ಬಂತು. ಅವರು ಹೇಳಿದರು, ಮುಂಜಾನೆ ಎದ್ದು ನಾ ಎಲ್ಲಿ ಹೋಗ್ಲಿ ಜಾನಕಿ. ಅಷ್ಟೇ. ಗದ್ದ ಎತ್ತಿದರು. ಅವಳು ಕತ್ತಿಯನ್ನು ಗಂಟಲಿಗೆ ಇಟ್ಟಳು, ಭಾರ ಹಾಕದೆ, ಗಂಟಲಮಣಿಯ ಏರು ಬರುವಲ್ಲಿ ನಿಲ್ಲಿಸಿದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳ, ಭಟ್ರ ಅದಾರೇನ್ರಿ ಅಕ್ಕಾರ, ಸಂಗಪ್ಪನ ದನಿ, ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಾನೆ, ಸ್ನಾನಕ್ಕ ಹೋಗ್ಯಾರ ಕೂಡ್ರಿ, ಎನ್ನಬೇಕು, ಮಾತು ನಾಲಗೆಯ ಮೇಲೇ ಇದೆ, ಆದರೆ ಎಡಗೈ ಬೆರಳಿನ ಕೆಳಗೆ ಇದೇನು, ಚರ್ಮ ಸಣ್ಣಗೆ ಅದುರುತ್ತಿದೆ, ಉಗುಳು ನುಂಗಿದ್ದಲ್ಲ, ನುಂಗಿದರೆ ಒಮ್ಮೆ ಏರಿ ಇಳಿಯುತ್ತದೆ, ಇದು ಇಳಿಯುತ್ತಿಲ್ಲ, ನಿಲ್ಲುತ್ತಿಲ್ಲ, ಕೈಯಲ್ಲಿದ್ದದ್ದು ಇಲ್ಲಿಯವರೆಗೆ ಏರಿ ಬಂದಿದೆ, ಅವರಿಗೂ ಗೊತ್ತಾಗಿದೆ, ಕಣ್ಣು ತೆರೆದಿದ್ದಾರೆ, ಕುತ್ತಿಗೆ ಮಾತ್ರ ಹಿಂದೆ ಎಳೆದುಕೊಳ್ಳಲಿಲ್ಲ, ಕೊಟ್ಟೇ ಕೂತಿದ್ದಾರೆ, ಇನ್ನು ಇದನ್ನು ಯಾವ ಶಾಲು ಮುಚ್ಚೀತು. ಅಕ್ಕಾರ, ಎಂದು ಸಂಗಪ್ಪ ಮತ್ತೆ ಕರೆದ. ಬರ್ರಿ, ಇಲ್ಲೇ ಹಿತ್ತಲಾಗ ಅದೀವಿ, ಬರ್ರಿ — ಅದು ತನ್ನದೇ ದನಿ ಎಂದು ಅವಳಿಗೆ ಆಮೇಲೆ ತಿಳಿಯಿತು, ಹೆಜ್ಜೆಗಳು ಪಡಸಾಲೆ ದಾಟಿದವು, ಅಡುಗೆಮನೆ ದಾಟಿದವು, ಅವಳು ತಿರುಗಿ ನೋಡಲಿಲ್ಲ, ನೋಡುವಂತಿಲ್ಲ, ಗಂಟಲಮಣಿ ನಡುಗುತ್ತಿದೆ, ಅದರ ಮೇಲಿನ ನೊರೆ ನಡುಗುತ್ತಿದೆ, ಕತ್ತಿಯ ಬಾಯಿ ಅಲ್ಲೇ ಇದೆ, ಗಂಟಲಮಣಿ —