ಮಷೀನ್ ರೂಮಿನ ವಾಸನೆ

ಮೀನು ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಹದಿನೆಂಟು ವರ್ಷದಿಂದ ಆಪರೇಟರ್. ಪೈಪುಗಳಲ್ಲಿ ಅಮೋನಿಯಾ ಓಡಾಡಿ ಕೋಣೆಗಳನ್ನು ತಣ್ಣಗಿಡುತ್ತಿತ್ತು. ಅದನ್ನು ಕಾಯುವುದು ಅವನ ಕೆಲಸ. ಗೋಡೆಯಾಚೆಯ ಪ್ಯಾಕಿಂಗ್ ಹಾಲ್‌ನಲ್ಲಿ ಅವನ ಹೆಂಡತಿ ಸಿಗಡಿ ಸುಲಿಯುತ್ತಿದ್ದಳು.

ಹಿಂದಿನ ವರ್ಷ ಬಂದ ಜ್ವರ ಇಳಿಯಿತು, ಆದರೆ ವಾಸನೆ ತಿಳಿಯುವ ಶಕ್ತಿಯನ್ನೂ ಜೊತೆಗೇ ಒಯ್ದಿತು. ಸೋಪು, ಸೀಮೆಎಣ್ಣೆ, ಮೀನಿನ ಬುಟ್ಟಿ ಎಲ್ಲವೂ ಅವನಿಗೆ ಒಂದೇ ಆಯಿತು. ಹೇಳಿದರೆ ಮಷೀನ್ ರೂಮಿನಿಂದ ಎತ್ತಿ ಗೇಟಿನ ಕಾವಲಿಗೆ ಹಾಕುತ್ತಾರೆಂಬ ಅಳುಕು. ಇಂದಲ್ಲ ನಾಳೆ ಸರಿಹೋದೀತು ಎಂದುಕೊಂಡು ಹೆಂಡತಿಯ ಹತ್ತಿರವೂ ಬಾಯಿಬಿಡಲಿಲ್ಲ.

ಆ ವಾರ ವಾಲ್ವಿನ ಬುಡದಲ್ಲಿ ಸಣ್ಣಗೆ ಗ್ಯಾಸ್ ಸೋರುತ್ತಿತ್ತು. ಬೇರೆ ಯಾರೇ ಆಗಿದ್ದರೂ ಮೂಗು ಮುಚ್ಚಿ ಬಾಗಿಲಲ್ಲೇ ನಿಲ್ಲುತ್ತಿದ್ದರು. ಅವನೊಬ್ಬನೇ ಎರಡು ದಿನ ಅದರ ಪಕ್ಕದಲ್ಲೇ ಕೂತು ಮೀಟರ್ ಬರೆದುಕೊಂಡ. ಕಣ್ಣು ಸ್ವಲ್ಪ ಉರಿದದ್ದನ್ನು ನಿದ್ದೆ ಸಾಲದ್ದಕ್ಕೆ ಎಂದುಕೊಂಡ. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ವಾಲ್ವಿನ ಸಂದಿ ಮುಚ್ಚಿದ್ದ ಗ್ಯಾಸ್ಕೆಟ್ ಕಿತ್ತುಬಂತು.

ಬೆಳ್ಳನೆಯ ಮಂಜಿನಂಥದ್ದು ರೂಮು ತುಂಬಿತು. ಅವನು ಮಾಸ್ಕ್ ಹಾಕಿಕೊಂಡು ದೊಡ್ಡ ವಾಲ್ವ್ ಮುಚ್ಚಿ ಹಿಂಬಾಗಿಲಿನಿಂದ ಹೊರಬಿದ್ದ. ಹಾಲ್‌ನ ಹೆಂಗಸರು ಒದ್ದೆ ಬಟ್ಟೆ ಮುಖಕ್ಕೊತ್ತಿಕೊಂಡು ಅಂಗಳಕ್ಕೆ ಓಡಿ ಬಂದಿದ್ದರು. ಅವನ ಹೆಂಡತಿಯೊಬ್ಬಳಿರಲಿಲ್ಲ.

“ನಿಮ್ಮನ್ನ ಹುಡುಕ್ಕೊಂಡು ಒಳಗೆ ಹೋದ್ಲು. ಕೈ ಹಿಡಿದ್ರೂ ಕೊಸರ್ಕೊಂಡ್ಲು,” ಎಂದಳು ಜೊತೆಗೆ ಸಿಗಡಿ ಸುಲಿಯುವವಳು.

ಅವನು ಮತ್ತೆ ಒಳಗೆ ನುಗ್ಗಿ, ಮಷೀನ್ ರೂಮಿನ ಬಾಗಿಲ ಹತ್ತಿರ ಕುಸಿದಿದ್ದವಳನ್ನು ಎತ್ತಿ ತಂದು ನಲ್ಲಿಯ ಕೆಳಗೆ ಮಲಗಿಸಿ, ಆಂಬುಲೆನ್ಸ್ ಬರುವ ತನಕ ಕಣ್ಣಿಗೆ ನೀರು ಬಿಟ್ಟ. ತೇವವಿದ್ದಲ್ಲಿಗೇ ಈ ಗ್ಯಾಸ್ ನುಗ್ಗುತ್ತದೆ, ಕಣ್ಣಿಗೆ, ಗಂಟಲಿಗೆ, ಎದೆಗೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

ತನಿಖೆಗೆ ಬಂದವರು ತಪ್ಪು ಹಳೆಯ ಗ್ಯಾಸ್ಕೆಟ್ಟಿನದೆಂದು ಬರೆದುಕೊಂಡು, ಅಷ್ಟು ಜನರನ್ನು ಉಳಿಸಿದನೆಂದು ಅವನನ್ನು ಹೊಗಳಿ ಹೋದರು. ಆಸ್ಪತ್ರೆಯಿಂದ ಬಂದ ಹೆಂಡತಿ ಅದನ್ನೇ ಪಕ್ಕದ ಮನೆಯವಳಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. ಕೇಳಿ ಅವನಿಗೆ ತಡೆಯಲಾಗಲಿಲ್ಲ. ಪಕ್ಕದವಳು ಹೋದ ಮೇಲೆ ಮಂಚದ ತುದಿಯಲ್ಲಿ ಕೂತು, ಮೂಗಿಗೆ ವಾಸನೆ ತಿಳಿಯದ್ದರಿಂದ ಹಿಡಿದು ಎಲ್ಲ ಹೇಳಿಬಿಟ್ಟ.

ಅವಳು ಅವನ ದನಿ ಬಂದ ಕಡೆಗೆ ತಿರುಗಿದಳು.

“ಹಾಲು ತಳ ಹತ್ತಿದ್ರೂ ಸುಮ್ನೆ ಕುಡೀತಿದ್ರಿ,” ಎಂದಳು. “ನಾನು ನೊಂದ್ಕೊಳ್ತೀನಿ ಅಂತ ನೀವು ಏನೂ ಅನ್ನಲ್ಲ ಅಂದ್ಕೊಂಡಿದ್ದೆ. ಎಷ್ಟು ಜನರ ಹತ್ರ ಹೇಳ್ಕೊಂಡಿದ್ದೆ.”

“ನಂಗೆ ಭಯ ಆಗಿತ್ತು ಕಣೇ.”

“ನನ್ನ ಹತ್ರ ಹೇಳೋಕೂ?”

ಮರುದಿನ ಅವನು ತಾನೇ ಮ್ಯಾನೇಜರ್ ಮುಂದೆ ನಿಂತು ನಿಜ ಹೇಳಿ ಕೆಲಸ ಬಿಟ್ಟು ಬಂದ. ಅಷ್ಟರಲ್ಲಿ ಹೆಂಡತಿಯ ಅಕ್ಕ ಅವಳನ್ನು ತನ್ನ ಮನೆಗೆ ಕರೆದೊಯ್ಯಲು ಬಂದು ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ಹೊರಡುವಾಗ ಮೆಟ್ಟಿಲ ಹತ್ತಿರ ಅವನು ಹೆಂಡತಿಯ ಕೈ ಹಿಡಿಯಲು ಹೋದ.

“ಕೈ ಹಿಡಿಯೋಕೆ ಅಕ್ಕ ಇದ್ದಾಳೆ,” ಎಂದು ಅವಳು ಗೋಡೆ ತಡವುತ್ತ ಇಳಿದಳು.