ಶೂ ರ‍್ಯಾಕಿನ ಮೇಲಿನ ಸರ್ವರ್

ಹನ್ನೊಂದರ ಕ್ಲಾಸಿಗೆ ಹೊರಟವಳಿಗೆ ಚಿಕ್ಕಮ್ಮನ ಮೂರನೇ ಕರೆ ಬಂತು.

"ನಿನ್ನ ಡಬ್ಬಿ ಸತ್ತಿದೆ ಕಣೇ. ಅಳತೆ ಬರ್ತಿಲ್ಲ."

ಡಬ್ಬಿ ಎಂದರೆ ನನ್ನ ಸರ್ವರ್. ಮನೆಯ ಶೂ ರ‍್ಯಾಕಿನ ಮೇಲೆ, ರೂಟರ್ ಪಕ್ಕ ಕೂತಿರುವ ಹಳೇ ಲ್ಯಾಪ್‌ಟಾಪು. ದರ್ಜಿ ಚಿಕ್ಕಮ್ಮನ ಗಿರಾಕಿಗಳ ಅಳತೆಯನ್ನೆಲ್ಲ ಅದರಲ್ಲಿ ತುಂಬಿ, ಅವಳು ಅಂಗಡಿಯಿಂದಲೇ ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಟ್ಟಿದ್ದೆ. ಅದೇ ಹುರುಪಿನಲ್ಲಿ ಅವಳ ಅಳತೆ ಪುಸ್ತಕವನ್ನು ರದ್ದಿಗೆ ಹಾಕಿಸಿದವಳೂ ನಾನೇ.

"ಹೋಟೆಲ್ ಮ್ಯಾನೇಜರು ನಾಲ್ಕಕ್ಕೆ ಬರ್ತಾರೆ. ಈ ಶರ್ಟ್ ಸರಿಯಾಗಿ ಕೂತ್ರೆ ಅಲ್ಲಿನ ಇಪ್ಪತ್ತು ಜನರ ಶರ್ಟೂ ನಂಗೇ. ಅಂದಾಜಲ್ಲಿ ಕತ್ತರಿಸ್ಲಾ?"

"ಬೇಡ. ಅವ್ರನ್ನೇ ಕೇಳ್ಬಿಡು."

"ಎರಡನೇ ಸಲ ಅಳತೆ ಕೇಳಿದ್ರೆ ಮರ್ಯಾದೆ ಉಳಿಯತ್ತಾ?"

"ಹತ್ತು ನಿಮಿಷ ಕೊಡು."

ಬಾಯಿಗೆ ಬಂದದ್ದು ಹತ್ತು. ಕಾಲೇಜಿನ ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಮನೆಯಲ್ಲಿದ್ದದ್ದು ಅಜ್ಜಿ ಒಬ್ಬಳೇ. ಅವಳಿಗೆ ಫೋನ್ ಮಾಡಿದೆ.

"ಅಜ್ಜಿ, ಕರೆಂಟ್ ಹೋಗಿತ್ತಾ?"

"ಒಂಬತ್ತಕ್ಕೆ ಹೋಗಿ ಬಂತು. ದೀಪ ಎಲ್ಲ ಉರೀತಿವೆ. ನಾನೇನೂ ಮುಟ್ಟಿಲ್ಲಮ್ಮ."

ಜೀವ ಬಂತು. ರೂಟರ್ ಆರಿ ಹತ್ತಿದರೆ ಇಂಟರ್ನೆಟ್ ಕಂಪನಿ ನಮ್ಮ ಮನೆಗೆ ಹೊಸ ನಂಬರ್, ಅಂದರೆ ಇಂಟರ್ನೆಟ್ಟಿನಲ್ಲಿ ಮನೆಯ ವಿಳಾಸ, ಕೊಡುತ್ತದೆ. ಹಳೆಯದಕ್ಕೆ ಹೋದವರಿಗೆ ಯಾರೂ ಸಿಗುವುದಿಲ್ಲ. ಹೊಸದು ಗೊತ್ತಾದರೆ ಸಾಕು.

"ಡಬ್ಬಿ ಪರದೆ ಮೇಲೆ ದಪ್ಪಗೆ ನಂಬರ್ ಇದೆ, ಓದಜ್ಜಿ."

ಅಜ್ಜಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ದನಿಯೇ ಬದಲಾಯಿತು. "ಬರ್ಕೋ. ಒಂದು, ಸೊನ್ನೆ, ಸೊನ್ನೆ, ಚುಕ್ಕಿ. ಏಳು, ಎರಡು, ಚುಕ್ಕಿ." ಕೊನೆಯವರೆಗೆ ಓದಿ, "ವಾಪಸ್ ಹೇಳು," ಎಂದಳು.

ವಾಪಸ್ ಹೇಳುವಾಗ ಮೊದಲ ಅಂಕಿಗಳಲ್ಲೇ ನನಗೆ ಗೊತ್ತಾಯಿತು. ಅದು ಹೊರಗಿನವರು ತಲುಪುವ ನಂಬರೇ ಅಲ್ಲ. ಕಂಪನಿಯವರು ನೂರಾರು ಮನೆಗಳ ಜೊತೆ ನಮ್ಮನ್ನೂ ಒಂದೇ ನಂಬರಿನ ಹಿಂದೆ ತಳ್ಳಿದ್ದರು. ಅವರ ಸಹಾಯವಾಣಿ ಏಳು ನಿಮಿಷ ಸಂಗೀತ ಕೇಳಿಸಿತು. ಆಮೇಲೆ ಒಬ್ಬಳು, "ಮನೆ ಪ್ಲಾನಲ್ಲಿ ಹಾಗೇ ಮೇಡಂ. ಸ್ವಂತ ನಂಬರ್ ಬೇಕಂದ್ರೆ ಅರ್ಜಿ ಹಾಕಿ, ಎರಡು ದಿನ ಆಗತ್ತೆ," ಎಂದಳು.

ಅಜ್ಜಿಗೆ ಮತ್ತೆ ಫೋನ್ ಮಾಡಿ ಅಳುದನಿಯಲ್ಲಿ ಎಲ್ಲ ಒಪ್ಪಿಸಿದೆ.

"ಒಳಗಿಂದ ಹೊರಗೆ ಹೋಗತ್ತೆ, ಹೊರಗಿಂದ ಒಳಗೆ ಬರಲ್ಲ, ಅಷ್ಟೇ ತಾನೆ? ನಮ್ಮ ಕಾಲದಲ್ಲಿ ಆಫೀಸ್ ಲೈನೆಲ್ಲ ಹಾಗೇ ಇತ್ತು. ಮಧ್ಯ ಒಬ್ಬಳು ಕೂತು ಜೋಡಿಸ್ಬೇಕು. ಆ ಮ್ಯಾನೇಜರ್ ಪುಟ ತೆಗೆಯೋದು ಹೇಗೆ ಹೇಳು, ನಿನ್ನ ಚಿಕ್ಕಮ್ಮನ್ನ ಲೈನಿಗೆ ತಗೋ."

ಪುಟ ತೆಗೆಸಿದೆ, ಚಿಕ್ಕಮ್ಮನನ್ನು ಸೇರಿಸಿದೆ.

"ಎದೆ ನಲವತ್ತೆರಡು. ವಾಪಸ್ ಹೇಳು," ಎಂದಳು ಅಜ್ಜಿ.

"ಕೇಳಿಸ್ತಮ್ಮ," ಎಂದಳು ಚಿಕ್ಕಮ್ಮ.

"ಕೇಳಿಸ್ತು ಕೇಳಿಸ್ತು ಅಂತಾನೇ ಎಷ್ಟು ಜನ ತಪ್ಪು ಊರಿಗೆ ಮಾತಾಡಿದಾರೆ ಗೊತ್ತಾ? ವಾಪಸ್ ಹೇಳು."

"ನಲವತ್ತೆರಡು."

ಭುಜ, ತೋಳು, ಕಾಲರ್ ಎಲ್ಲ ಹೀಗೇ ಎರಡೆರಡು ಸಲ. ಆಮೇಲೆ ಕತ್ತರಿಯ ಕರಕರ ಕೇಳಿತು. ನಾನು ಮೆಟ್ಟಿಲ ಮೇಲೆ ಕೂತೆ. ಕ್ಲಾಸು ಮುಗಿದೇ ಹೋಗಿತ್ತು.

ನಾಲ್ಕೂವರೆಗೆ ಚಿಕ್ಕಮ್ಮನ ಸಂದೇಶ ಬಂತು: "ಕೂತಿತು. ಇಪ್ಪತ್ತೂ ನಂಗೇ."

ಸ್ವಂತ ನಂಬರಿಗೆ ಅರ್ಜಿ ಹಾಕಿ ಮನೆಗೆ ಬಂದೆ. ಶೂ ರ‍್ಯಾಕಿನ ಪಕ್ಕ ಕುರ್ಚಿ ಬಂದಿತ್ತು. ಅಜ್ಜಿ ಕನ್ನಡಕ ಒರೆಸುತ್ತಾ ಹೇಳಿದಳು: "ಎರಡು ದಿನ ನಾನಿರ್ತೀನಿ. ಒಂದರಿಂದ ಎರಡು ಊಟ. ಆಗ ಮಾತ್ರ ಯಾರೂ ಫೋನ್ ಮಾಡ್ಕೂಡದು."